ಒಂದು ಮೀನಿನ ಕರಾರು

ಜನರೇಟರ್ ಕೊಳ್ಳಲು ಬಂದವರನ್ನು ನಾನು ಮೊದಲು ಕೇಳುವುದು ‘ಎಲ್ಲಿ ಇಡುತ್ತೀರಿ?’ ಎಂದು. ಬೆಲೆಯ ಮಾತು ಆಮೇಲೆ. ಲಂಡನ್ನಿನ ಇಲ್ಫರ್ಡಿನಲ್ಲಿ ಹಳೆಯ ಯಂತ್ರಗಳನ್ನು ಕೊಂಡು ಮಾರುತ್ತಲೇ ಸ್ವಂತ ಮನೆ ಮಾಡಿಕೊಂಡವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೂ ಈ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ ವ್ಯಾಪಾರ ಬಿಡುತ್ತೇನೆ. ಜನರೇಟರ್ ಬಯಲಲ್ಲಿರಬೇಕು, ಗಾಳಿ ನಿಮ್ಮಿಂದ ಅದರ ಕಡೆಗೆ ಬೀಸುತ್ತಿರಬೇಕು, ನಡುವೆ ಉದ್ದದ ವೈರಿರಬೇಕು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಾವ ಒಂದು ಚಳಿಗಾಲ ನಮ್ಮಲ್ಲಿ ಬಂದು ಉಳಿದಿದ್ದರು. ಮಂಗಳೂರು ಬಂದರಿನಲ್ಲಿ ಮೀನಿನ ಬೋಟು ಇಟ್ಟಿದ್ದವರು. ಮನೆಮಾತು ಕೊಂಕಣಿ, ಭಾನುವಾರ ಇಗರ್ಜಿ ತಪ್ಪಿಸಿದವರಲ್ಲ, ನಾಲಿಗೆ ಮಾತ್ರ ಮೀನು ಕೊಯ್ಯುವ ಕತ್ತಿ. ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳನ್ನು ಅವರೇ ನೋಡಿ ನನಗೆ ಕೊಟ್ಟದ್ದು. ಚಿಕ್ಕವಳು ಲಂಡನ್ನಿಗೆ ನರ್ಸಾಗಿ ಬಂದವಳು, ಧಾರವಾಡದ ಕಡೆಯವನೊಬ್ಬನನ್ನು ತಾನೇ ಆರಿಸಿ ಮದುವೆಯಾಗಿ ಈಸ್ಟ್ ಹ್ಯಾಮಿನಲ್ಲಿ ಸಂಸಾರ ಹೂಡಿದ್ದಳು. ಆ ಷಡ್ಡಕ ಹುಟ್ಟಿ ಬೆಳೆದದ್ದು ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ. ಚಳಿಗಾಲ ಮುಗಿಯುತ್ತ ಬಂದರೂ ಮಾವ ಚಿಕ್ಕ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವರು ಊರಿಗೆ ಹೊರಡುವ ವಾರ ಷಡ್ಡಕ ತಾನೇ ಕರೆಯಲು ಬಂದ. ಸೋಫಾದ ತುದಿಯಲ್ಲಿ ಕುಳಿತು, “ಮಾಮಾರ, ಒಂದ್ ಹೊತ್ತು ಊಟಕ್ಕ ಬರ್ರಿ. ನಿಮ್ಮ ಮಗಳು ದಿನಾ ಅಳತಾಳ” ಎಂದ.

“ನಿನ್ನ ಮನೆಯಲ್ಲಿ ನಾನು ಎಂತ ತಿನ್ನುದು? ರೊಟ್ಟಿಯಾ?”

“ಮೀನs ಮಾಡತಾಳ್ರೀ.”

“ಅಂಗಡಿ ಮೀನು ಇಲ್ಲಿಯೂ ಉಂಟು. ನೀನು ಹಿಡಿ. ನಿನ್ನ ಕೈಯಾರೆ ಒಂದು ಮೀನು ಹಿಡಿದು ತಾ, ಆ ದಿನ ನಿನ್ನ ಮನೆಯಲ್ಲಿ ಉಣ್ತೇನೆ. ಆಗುದಿಲ್ವಾ, ನನಗೆ ಮಗಳು ಒಬ್ಬಳೇ ಅಂತ ತಿಳ್ಕೊಳ್ತೇನೆ.”

ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಷಡ್ಡಕ ತಲೆ ತಗ್ಗಿಸಿ, “ಆಗ್ಲ್ರೀ ಮಾಮಾರ” ಎಂದ.

ಆ ವಾರ ಕೆರೆಗಳೆಲ್ಲ ಹೆಪ್ಪುಗಟ್ಟಿದ್ದವು. ಸಾಲದ್ದಕ್ಕೆ, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದು ಇಲ್ಲಿನವರ ಪದ್ಧತಿ. ಅದನ್ನು ಕೇಳಿ ಮಾವ, “ಹಾಗಾದ್ರೆ ಇವರು ಕೆರೆಗೆ ಹೋಗುದು ಎಂತಕ್ಕೆ ಮಾರಾಯ, ಮೀನಿನ ಹತ್ರ ಕ್ಷಮೆ ಕೇಳ್ಲಿಕ್ಕಾ?” ಎಂದು ನಕ್ಕರು. ನನಗೆ ಮಾತ್ರ ಆ ಮಂಜುಗಡ್ಡೆಯಲ್ಲೇ ದಾರಿ ಕಂಡಿತು. ಊರಾಚೆಯ ಒಂದು ಕೆರೆಯ ಕಾವಲಿನವನು ನನ್ನ ಗಿರಾಕಿ. ಮೇಲೆ ಗಡ್ಡೆ ಮುಚ್ಚಿಕೊಂಡರೆ ಕೆಟ್ಟ ಗಾಳಿ ಕೆಳಗೇ ಉಳಿದು ಮೀನು ಸಾಯುತ್ತವೆ, ಸುತ್ತಿಗೆಯಿಂದ ಒಡೆದರೆ ಬೆದರುತ್ತವೆ, ಬಿಸಿನೀರು ಹೊಯ್ದು ತೂತು ಮಾಡಬೇಕು ಎಂದು ಅವನು ಗೊಣಗಿದ್ದು ನೆನಪಿತ್ತು. “ಆ ಕೆಲಸ ನಾವು ಮಾಡಿಕೊಡುತ್ತೇವೆ, ಒಂದೇ ಒಂದು ಮೀನು ಒಯ್ಯಲು ಬಿಡು” ಎಂದೆ. ಎದುರಿನವನಿಗೆ ಏನು ಬೇಕೆಂದು ಮೊದಲು ತಿಳಿದುಕೊಳ್ಳಿ. ಆಮೇಲಿನದು ಬರೀ ಮಾತು. ಅವನು ಒಪ್ಪಿದ.

ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ಜನರೇಟರನ್ನು ದಡದ ಮೇಲೆ ದೂರದಲ್ಲಿಟ್ಟು, ವೈರು ಎಳೆದು, ಪ್ರವಾಸದ ಕ್ಯಾರವಾನ್ ಗಾಡಿಗಳಲ್ಲಿ ಬಳಸುವ ಸಣ್ಣ ಕೆಟಲ್ ಹಚ್ಚಿದೆ. ಮನೆಯ ಕೆಟಲ್ ಹಚ್ಚಬೇಡಿ, ಅಷ್ಟು ಕರೆಂಟಿನ ಭಾರ ಸಣ್ಣ ಜನರೇಟರ್ ತಾಳುವುದಿಲ್ಲ. ಕೆರೆಗೆ ಚಾಚಿದ ಮರದ ಅಟ್ಟದ ಮೇಲೆ ನಿಂತು ಬಿಸಿನೀರು ಹೊಯ್ದು ಹೊಯ್ದು ಗಡ್ಡೆಯಲ್ಲಿ ಪರಾತದಷ್ಟು ಅಗಲದ ಬಾಯಿ ತೆರೆದೆವು. ಮಾವನಿಗೆ ಗಾಳಿ ತಾಗದಿರಲೆಂದು ದಡದಲ್ಲಿ ನೈಲಾನಿನ ಸಣ್ಣ ಡೇರೆ ಕಟ್ಟಿ ಕುರ್ಚಿ ಹಾಕಿದೆ. ಮಂಕಿ ಟೋಪಿ ಇಳಿಸಿಕೊಂಡು ಅವರು ಅಲ್ಲಿಂದಲೇ ದರ್ಬಾರು ನಡೆಸಿದರು.

ಷಡ್ಡಕ ಹುಳವನ್ನು ಗಾಳಕ್ಕೆ ಚುಚ್ಚುವಾಗ ಕಣ್ಣು ಮುಚ್ಚಿದ.

“ಹುಳಕ್ಕೆ ಪ್ರಾರ್ಥನೆ ಮಾಡುದಾ ನೀನು? ಕಣ್ಣು ಬಿಡು!” ಮಾವ ಕೂಗಿದರು. “ನೋಡು ಅವನ ಕೈ ನಡುಗುದು. ನನ್ನ ಬೋಟಿನಲ್ಲಿ ಆಗಿದ್ರೆ ಇವನನ್ನೇ ಗಾಳಕ್ಕೆ ಹಾಕ್ತಿದ್ದೆ.”

“ಹಾಕ್ರೀ ಮಾಮಾರ, ಆದ್ರ ಮೊದಲ ಒಂದ್ ಮೀನ ಹಿಡಿತೀನಿ,” ಎಂದ ಅವನು, ಹಲ್ಲು ಕಟಕಟಿಸುತ್ತ. ನನಗೆ ನಗು ಬಂತು. ಮಾವನಿಗೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿಮ ಬೀಳತೊಡಗಿತು. ಪೆಟ್ರೋಲ್ ಕಡಿಮೆಯಾಗಿತ್ತು. ಕ್ಯಾನು ತರಲು ನಾನು ಮರಗಳಾಚೆ ನಿಲ್ಲಿಸಿದ್ದ ಕಾರಿನತ್ತ ಹೋದೆ. ದಾರಿಯಲ್ಲಿ ಕಾವಲಿನವನು ಸಿಕ್ಕಿ, ಮಾರುವುದಕ್ಕೊಂದು ಹಳೆಯ ಮೋಟಾರಿದೆ ಎಂದ. ಅಂಥ ಮಾತು ಕೇಳಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ನಾನಿಲ್ಲದಾಗ ನಡೆದದ್ದು ಇಷ್ಟು. ಬೋಟಿನಲ್ಲಿ ಚಳಿಯಾದರೆ ಇಂಜಿನ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಮಲಗುವುದು ನಮ್ಮ ಕಡಲ ಜನರ ಕ್ರಮ. ಮಾವ ಆಯುಷ್ಯವೆಲ್ಲ ಹಾಗೆ ಮಲಗಿದವರು. “ಆ ಇಂಜಿನ್ ಇಲ್ಲಿ ತಾ, ಬೆನ್ನಿಗೆ ಸ್ವಲ್ಪ ಬಿಸಿಯಾಗ್ಲಿ” ಎಂದರಂತೆ. “ಅಣ್ಣಾರು ಹೊರಗs ಇರಬೇಕು ಅಂದಾರ್ರೀ” ಎಂದನಂತೆ ಷಡ್ಡಕ. “ಇಂಜಿನ್ನಿನ ವಿಷಯ ನೀನು ನನಗೆ ಕಲಿಸುದಾ, ಜೋಳ ತಿನ್ನುವವನು?” ಇವನು ಹೊತ್ತು ತಂದು ಒಳಗಿಟ್ಟ. ಮಾವ ಜಿಪ್ ಎಳೆದುಕೊಂಡರು. ಬೋಟಿಗೆ ನಾಲ್ಕೂ ಕಡೆಯಿಂದ ಕಡಲ ಗಾಳಿ ಬೀಸುತ್ತದೆ. ಡೇರೆಗೆ ಇದ್ದದ್ದು ಆ ಜಿಪ್ ಒಂದೇ.

ನಾನು ತಿರುಗಿ ಬರುವಾಗ ಷಡ್ಡಕ ಅಟ್ಟದ ಮೇಲೆ ಎದ್ದು ನಿಂತಿದ್ದ. ಎರಡೂ ಕೈಯಲ್ಲಿ ಮೈಮೇಲೆ ಪಟ್ಟೆಯಿರುವ ಒಳ್ಳೆಯ ಪರ್ಚ್ ಮೀನು. ಬೆನ್ನಿನ ಮುಳ್ಳು ಚುಚ್ಚಿ ಅಂಗೈಯಿಂದ ರಕ್ತ ಸುರಿಯುತ್ತಿದ್ದರೂ ಬಿಟ್ಟಿರಲಿಲ್ಲ.

“ಅಣ್ಣಾರ, ಸಿಕ್ತ್ ನೋಡ್ರೀ! ಮಾಮಾರಿಗೆ ಹೇಳ್ರೀ!”

“ಜನರೇಟರ್ ಎಲ್ಲಿ?”

“ಒಳಗೈತ್ರೀ. ಅವರಿಗೆ ಥಂಡಿ ಹತ್ತಿತ್ತು.”

ನಾನು ಕ್ಯಾನು ಎಸೆದು ಓಡಿದೆ. ಕೂಗಿದರೆ ಒಳಗಿನಿಂದ ಉತ್ತರವಿಲ್ಲ, ಬರೀ ಇಂಜಿನ್ನಿನ ಸದ್ದು. ಜಿಪ್ ಹಿಮ ಕಚ್ಚಿಕೊಂಡು ಜಗ್ಗಲಿಲ್ಲ. “ಬಾ ಮಾರಾಯ, ಇಲ್ಲಿ ಎಳೆ!” ಎಂದು ಕಿರುಚಿದೆ. ಅವನು ಒಮ್ಮೆ ಡೇರೆ ನೋಡಿದ, ಒಮ್ಮೆ ಕೈ ನೋಡಿಕೊಂಡ. ಮೀನನ್ನು ಬಿಟ್ಟು ಓಡಿ ಬಂದ. ಅದು ಹಲಗೆಯ ಮೇಲೆ ಹೊರಳಿ ಹೊರಳಿ, ನಾವೇ ಬಿಸಿನೀರು ಹೊಯ್ದು ತೆರೆದ ಬಾಯಿಯಲ್ಲಿ ಇಳಿದುಹೋಯಿತು.

ಇಬ್ಬರೂ ಸೇರಿ ಡೇರೆಯ ಬಟ್ಟೆ ಹರಿದೆವು. ಮಾವ ಜನರೇಟರಿಗೆ ಒರಗಿಕೊಂಡು, ಬಾಯಿ ತೆರೆದು, ನಿದ್ದೆ ಹೋದವರಂತೆ ಇದ್ದರು. ಕಂಕುಳಿಗೆ ಕೈ ಹಾಕಿ ಬಯಲಿಗೆ ಎಳೆದು ತಂದವನು ಷಡ್ಡಕ. ಹಿಮದ ಮೇಲೆ ವಾಂತಿ ಮಾಡಿ ಕಣ್ಣು ಬಿಟ್ಟರು. ಕಾವಲಿನವನು ಆಂಬುಲೆನ್ಸಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ಮೂಗುಬಾಯಿಗೆ ಆಮ್ಲಜನಕ ಹಿಡಿದರು. ಇಂಜಿನ್ನಿನ ಹೊಗೆಯ ವಿಷ ರಕ್ತಕ್ಕೆ ಸೇರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಕನ್ನಡದಲ್ಲಿ ಮಾವನಿಗೆ ಬಿಡಿಸಿ ಹೇಳಿದೆ. ಮಾಸ್ಕ್ ಸರಿಸಿ ಅವರು ಕೇಳಿದ್ದು ಒಂದೇ.

“ಮೀನು ಎಲ್ಲಿ?”

“ಹೋಯ್ತ್ರೀ ಮಾಮಾರ. ನೀರಿಗೆ ಬಿತ್ತು,” ಎಂದ ಷಡ್ಡಕ.

“ಬೋಟಿನವ ಕೈಗೆ ಬಂದ ಮೀನು ಬಿಡುದಿಲ್ಲ.”

“ಬಿಡದಿದ್ರೆ ನೀವು ಇರ್ತಿರಲಿಲ್ಲ ಮಾವ,” ಎಂದೆ ನಾನು.

“ಅದು ಬೇರೆ. ಕರಾರು ಅಂದ್ರೆ ಕರಾರು. ನೀನು ವ್ಯಾಪಾರದವ, ನಿನಗೆ ಗೊತ್ತುಂಟು.”

ನನಗೆ ಗೊತ್ತಿತ್ತು. ನಿಮಗೂ ಹೇಳುತ್ತೇನೆ, ಪ್ರೀತಿಯ ವಿಷಯದಲ್ಲಿ ಯಾರಾದರೂ ಕರಾರು ಮುಂದಿಟ್ಟರೆ ಎದ್ದು ಬನ್ನಿ. ಅಲ್ಲಿ ಮಾರುವ ಮನಸ್ಸೇ ಇರುವುದಿಲ್ಲ.

ಮರುದಿನ ಆಸ್ಪತ್ರೆಯಿಂದ ಕರೆತರುವಾಗ ಷಡ್ಡಕನನ್ನು ಇಳಿಸಲು ಈಸ್ಟ್ ಹ್ಯಾಮಿನಲ್ಲಿ ಕಾರು ನಿಲ್ಲಿಸಿದೆ. ಅಪ್ಪ ಬದುಕಿ ಬಂದ ಮೇಲೆ ಊಟಕ್ಕೆ ಇಳಿದೇ ಇಳಿಯುತ್ತಾನೆ ಎಂದು ನಂಬಿದ್ದಳೋ ಏನೋ, ಚಿಕ್ಕವಳು ಮೀನಿನ ಮಸಾಲೆ ಅರೆಯುತ್ತಿದ್ದಳು. ಹಾಗೇ ಮನೆಯ ಚಪ್ಪಲಿಯಲ್ಲಿ ಹಿಮಕ್ಕೆ ಓಡಿ ಬಂದಳು. ಮಾವ ಗಾಜು ಇಳಿಸಲಿಲ್ಲ. ಅವಳು ಗಾಜಿನ ಮೇಲೆ ಕೈಯಿಟ್ಟು ಕರೆದಳು. ಕೈಗೆ ಕಟ್ಟು ಸುತ್ತಿಕೊಂಡ ಷಡ್ಡಕ ಅವಳ ಹಿಂದೆ ನಿಂತಿದ್ದ.

“ಕಾರು ಬಿಡು,” ಎಂದರು ಮಾವ, ಮುಂದಿನ ರಸ್ತೆ ನೋಡುತ್ತ.

ಬಿಟ್ಟೆ.

ಗಾಜಿನ ಮೇಲೆ ಒಣಗಿದ ಮಸಾಲೆ ತಣ್ಣೀರಿಗೆ ಹೋಗುವುದಿಲ್ಲ. ವಿಮಾನದ ದಿನ ಬೆಳಿಗ್ಗೆ ಅದೇ ಕ್ಯಾರವಾನ್ ಕೆಟಲಿನಲ್ಲಿ ನೀರು ಕಾಯಿಸಿ, ಕೆಂಪಗೆ ಮೂಡಿದ್ದ ಐದು ಬೆರಳನ್ನೂ ತೊಳೆದೆ. ವಿಮಾನ ನಿಲ್ದಾಣದ ಸಾಲಿನಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಮಾತಿಗೆ ಸಿಕ್ಕಿ, “ಇಲ್ಲಿ ಯಾರಿದ್ದಾರೆ ನಿಮಗೆ?” ಎಂದು ಕೇಳಿದಳು.

“ಮಗಳು,” ಎಂದರು ಮಾವ. “ಒಬ್ಬಳೇ.”