ಸ್ಟ್ಯಾಂಡಿಗೆಲ್ಲ ಒಂದೇ ವಾಚು

ಅವರ ವಾಚಿನ ಮುಖ ಮಣಿಕಟ್ಟಿನ ಒಳಮಗ್ಗುಲಿಗೆ ಇರುತ್ತಿತ್ತು. ಟೈಮು ನೋಡಬೇಕಾದರೆ ಅಂಗೈ ಮೇಲೆ ಮಾಡಿ ಕೈ ಚಾಚುವರು. ಹೊಸಬರು ಕಂಡರೆ ಚಿಲ್ಲರೆ ಕೇಳುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ. ನ್ಯಾಮತಿಯ ಖಾಸಗಿ ಬಸ್ ಸ್ಟ್ಯಾಂಡಿನ ಏಜೆಂಟರು ಅವರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವುದು ಅವರ ಕೆಲಸ. ಹೊನ್ನಾಳಿಯ ಶಾಲೆಗೆ ದಿನಾ ಹೋಗಿಬರುವ ಟೀಚರು ನಾನು, ಅವರ ಸೀಟಿಗೆ ಕಟ್ಟುಬಿದ್ದವಳು.

ಎಲ್ಲರ ಜೇಬಿನಲ್ಲೂ ಮೊಬೈಲು ಇರುವಾಗ ಇವರ ವಾಚು ಯಾತಕ್ಕೆ? ನನಗೆ ಇಂಥ ಪ್ರಶ್ನೆ ಹುಟ್ಟಿದರೆ ಊಟ ಸೇರುವುದಿಲ್ಲ. ಕೇಳಿಯೇಬಿಟ್ಟೆ.

"ಹಸಿರು ಬಸ್ಸಿನವ್ನು ತನ್ನ ಮೊಬೈಲ್ ನೋಡಿ ಇನ್ನೂ ಟೈಮ್ ಐತೆ ಅಂತಾನೆ. ಹಿಂದಿನ ಬಿಳಿ ಬಸ್ಸಿನವ್ನು ತನ್ನದು ತೋರ್ಸಿ ಆಗೋತು ಅಂತಾನೆ. ಇಬ್ರೂ ದೇವ್ರಾಣೆ ಮಾಡ್ತಾರೆ ಟೀಚರ್, ಯಾರನ್ನ ನಂಬಾಣ?"

ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚಿಗೆ ನಿಂತರೆ ಹಿಂದಿನ ಬಸ್ಸಿಗೆ ಬರಬೇಕಾದ ಜನರನ್ನೂ ತುಂಬಿಕೊಂಡು ಹೋಗುತ್ತದೆ. ಜಗಳವೆಲ್ಲ ಅದಕ್ಕೇ. ಆಗ ಏಜೆಂಟರು ಡ್ರೈವರನ ಕಿಟಕಿಯ ಕೆಳಗೆ ನಿಂತು ಅಂಗೈ ಎತ್ತುವರು. ಅವನು ಬಗ್ಗಿ ವಾಚು ನೋಡಿ, ಗೊಣಗುತ್ತಾ ಗೇರು ಹಾಕುವನು. ಆ ವಾಚಿನ ಮುಂದೆ ಯಾರದೂ ನಡೆಯುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಆ ಹಳೇ ವಾಚು ನೀರು ಕುಡಿದು ಕೆಟ್ಟಿತು. ಹೊಸದು ಆರಿಸಲು ಹೊನ್ನಾಳಿಗೆ ಬಂದವರು ಶಾಲೆ ಬಿಟ್ಟ ಮೇಲೆ ನನ್ನನ್ನೂ ಕರೆದರು. ಅಂಗಡಿಯಲ್ಲಿ ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. "ನೀವೀಗ ಡ್ರೈವರ್ರು" ಎಂದು ಹೇಳಿ ತಾವು ಮೆಟ್ಟಿಲ ಕೆಳಗಿಳಿದು, ಒಂದೊಂದೇ ವಾಚು ಕಟ್ಟಿ, ಕೈ ಚಾಚಿ, "ಕಾಣ್ತೈತಾ?" ಎಂದು ಕೇಳತೊಡಗಿದರು. ಅಂಗಡಿಯವರು ನಗು ತಡೆಯಲಾರದೆ ಆಚೆ ಮುಖ ತಿರುಗಿಸಿದರು. ಕೊನೆಗೆ ದಪ್ಪ ಕಪ್ಪು ಅಂಕಿಯ, ಬಿಳಿ ಮುಖದ, ಸ್ಟೀಲು ಚೈನಿನ ವಾಚೊಂದು ಪಾಸಾಯಿತು.

"ಮದುವೆ ಮುಂಜಿಗೆ ಚಂದದ್ದು ಇನ್ನೊಂದು ತಗಳ್ರಿ" ಎಂದರು ಅಂಗಡಿಯವರು.

"ಬ್ಯಾಡ್ರಿ. ಮದುವೆಗೂ ಇದೇ, ಮಣ್ಣಿಗೂ ಇದೇ. ಡ್ರೈವರ್ಗಳು ಎಲ್ಲಾ ಕಡೆ ಸಿಗ್ತಾರೆ. ಕೈಯಾಗೆ ಬ್ಯಾರೆ ವಾಚು ಕಂಡ್ರೆ, ನಾಳೆ ಇವ್ನು ಯಾವ ಟೈಮ್ ಹೇಳ್ತಾನೋ ಅಂತ ಅನುಮಾನ ಬರ್ತೈತೆ. ಆಮ್ಯಾಲೆ ನಾನು ಕೈ ತೋರ್ಸಿದ್ರೂ ಒಂದೇ, ಬಿಟ್ರೂ ಒಂದೇ."

ಅದೇ ವರ್ಷ ಏಜೆಂಟರ ಮಗಳಿಗೆ ಜಗಳೂರಿನ ಸಂಬಂಧ ಕೂಡಿಬಂತು. ನಿಶ್ಚಿತಾರ್ಥದ ದಿನ ಬೀಗರು ಆಯಾರ ಮಾಡುವಾಗ ಶಾಲು, ಪಂಚೆಯ ಜೊತೆ ಒಂದು ಬಂಗಾರದ ಬಣ್ಣದ ವಾಚನ್ನೂ ಇಟ್ಟರು. ಬಸ್ ಏಜೆಂಟರಿಗೆ ವಾಚಿಗಿಂತ ಒಳ್ಳೆ ಉಡುಗೊರೆ ಯಾವುದು ಎಂದು ಅವರ ಲೆಕ್ಕ. ಅಯ್ಯೋ, ಅವರದಾದರೂ ಏನು ತಪ್ಪು! ಕೈಯಲ್ಲಿದ್ದುದನ್ನು ತಾವೇ ಬಿಚ್ಚಿ, ಇದನ್ನು ತಾವೇ ಕಟ್ಟಿದರು. ಹುಡುಗಿಯ ಅಪ್ಪ ಬೇಡ ಅನ್ನುವುದು ಹೇಗೆ? ಮರುದಿನ ಮರ್ಯಾದೆಗೆಂದು ಅದನ್ನೇ ಕಟ್ಟಿಕೊಂಡು ಸ್ಟ್ಯಾಂಡಿಗೆ ಬಂದರು.

ಅದರಲ್ಲಿ ಅಂಕಿಯೇ ಇಲ್ಲ, ಬರೀ ಹೊಳೆಯುವ ಹರಳು. ಏಜೆಂಟರು ಮುಳ್ಳನ್ನು ತಪ್ಪಾಗಿ ಓದಿ ಸೀಟಿ ತಡಮಾಡಿದರು. ಹಸಿರು ಬಸ್ಸು ಬಾಗಿಲವರೆಗೂ ಜನ ತುಂಬಿಕೊಂಡು ಹೋಯಿತು. ಬಿಳಿ ಬಸ್ಸಿನ ಡ್ರೈವರು ಕೆಳಗಿಳಿದು ಬಂದ.

"ಏನ್ರೀ ಏಜೆಂಟ್ರೇ, ಬೀಗರ ವಾಚು ಕಟ್ಕಂಡು ನಮ್ಮ ಹೊಟ್ಟೆ ಮ್ಯಾಲೆ ಹೊಡಿತೀರಾ?"

ಏಜೆಂಟರು ಅಲ್ಲೇ ಎಲ್ಲರೆದುರು ಆ ವಾಚು ಬಿಚ್ಚಿ ಜೇಬಿಗಿಟ್ಟರು. ಬಸ್ಸಿನವರ ಬಾಯಿ ಕೇಳಬೇಕೇ? ಸಂಜೆಯೊಳಗೆ ಸುದ್ದಿ ಜಗಳೂರು ಮುಟ್ಟಿತು. ಬೀಗರು ಮುನಿಸಿಕೊಂಡು ಮದುವೆ ಮುರಿದರೆ ಎಂದು ಮಗಳು ಅನ್ನ ಬಿಟ್ಟು ಕೂತಳು.

ನನ್ನ ತವರು ಜಗಳೂರು. ಆ ಮನೆಯವರು ಪರಿಚಯದವರೇ. "ಒಂದು ಮಾತು ನೀವೂ ಆಡ್ರಿ" ಎಂದು ಏಜೆಂಟರು ಭಾನುವಾರ ನನ್ನನ್ನು ಕರೆದುಕೊಂಡು ಹೋದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಏಜೆಂಟರು ಮುಟ್ಟಲಿಲ್ಲ. ವಾಚನ್ನು ತಟ್ಟೆಯ ಪಕ್ಕ ಇಟ್ಟರು.

"ಯಜಮಾನ್ರೇ, ಇದನ್ನ ಕಟ್ಟಾಕೆ ನನ್ನಿಂದ ಆಗಲ್ಲ. ಸ್ಟ್ಯಾಂಡು ನಂಬೋದು ಒಂದೇ ವಾಚನ್ನ. ಈ ಸಿಟ್ಟನ್ನ ನನ್ನ ಮಗಳ ಮ್ಯಾಲೆ ಇಡಬ್ಯಾಡ್ರಿ."

"ಬಸ್ಸಿಗಿಂತ ನಾವು ಕಡಿಮೆ ಆದ್ವಾ?" ಎಂದರು ಬೀಗರು. ಮುಖ ಕಪ್ಪಿಟ್ಟಿತ್ತು. ಮಾತಾಡಲೆಂದು ಬಂದ ನಾನು ಮಂಡಕ್ಕಿ ತಟ್ಟೆಯನ್ನು ಅವರತ್ತ ಸರಿಸಿದೆ.

ಬೀಗಿತ್ತಿ ಅಡುಗೆಮನೆಯಿಂದ ಬಂದರು. "ನಮ್ಮ ಹುಡುಗನಿಗೆ ಮದುವ್ಯಾಗೆ ನೀವು ವಾಚು ಕೊಡಾಕೇ ಬೇಕಲ್ರಿ ಬೀಗ್ರೇ? ಇದನ್ನೇ ಕೊಟ್ಬಿಡ್ರಿ. ನಾವು ಕೊಟ್ಟಂಗೂ ಆತು, ನೀವು ಕೊಟ್ಟಂಗೂ ಆತು."

ಬೀಗರು ಹೆಂಡತಿಯ ಮುಖ ನೋಡಿದರು, ಆಮೇಲೆ ನಕ್ಕರು. ಏಜೆಂಟರು ಮೆಣಸಿನಕಾಯಿ ಕಚ್ಚಿ, ಖಾರವೆಂದು ಕಣ್ಣೊರೆಸಿಕೊಂಡರು. ಮಗಳ ಧಾರೆಯ ದಿನವೂ ಬೆಳಿಗ್ಗೆ ಬಸ್ಸು ಬಿಟ್ಟೇ ಮಂಟಪಕ್ಕೆ ಬಂದರು, ಅದೇ ಬಿಳಿ ಮುಖದ ವಾಚು ಕಟ್ಟಿಕೊಂಡು.

ಹೋದ ವರ್ಷ ಏಜೆಂಟರು ಎದೆನೋವು ಬಂದು ತೀರಿಕೊಂಡರು. ಮಣ್ಣು ಮಾಡಿದ ಮರುದಿನ ನಾನು ಸ್ಟ್ಯಾಂಡಿಗೆ ಹೋದಾಗ ಎರಡು ಬಸ್ಸೂ ಇಂಜಿನ್ ಬಂದ್ ಮಾಡಿ ನಿಂತಿದ್ದವು. ಹಸಿರು ಬಸ್ಸಿನ ಡ್ರೈವರು ಇಳಿದು ಹಿಂದಿನವನ ಹತ್ತಿರ ಹೋದ.

"ಇವತ್ತು ನೀನು ಮುಂದೆ ಹೋಗಪ್ಪ."

"ಬ್ಯಾಡ, ಟೈಮು ನಿಂದು. ನೀನೇ ಹೋಗು. ನನ್ನ ಜನಾನೂ ಹತ್ತಿಸ್ಕ್ಯ."

ಇಬ್ಬರೂ ಮೊಬೈಲು ತೆಗೆಯಲಿಲ್ಲ. ಯಾರೂ ಹೊರಡಲೂ ಇಲ್ಲ. ಅವತ್ತು ನಾವೆಲ್ಲ ಕೆಲಸಕ್ಕೆ ತಡವಾಗಿ ಹೋದೆವು, ಒಬ್ಬರೂ ಡ್ರೈವರಿಗೆ ಬೈಯಲಿಲ್ಲ.