ಎಲೆ ರಾಶಿಯ ಮುಂದೆ ನಿಂತ ಪರಿಸರ ಸಂಘ

ಪುಣೆಯ ಖರಾಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೊನ್ನೆ ಒಂದು ಚೀಟಿ ಅಂಟಿಸಿದ್ದರು. ಮಕ್ಕಳ ಪರಿಸರ ಕ್ಲಬ್ಬಿನದು. ಈ ದಸರೆಗೆ ಬನ್ನಿ ಎಲೆ ಹಂಚಬೇಡಿ, ಬಂಗಾರ ಬಣ್ಣದ ಕಾಗದದ ಎಲೆ ಹಂಚಿ, ಮರ ಉಳಿಸಿ ಎಂಬುದು ಸಾರಾಂಶ. ಮಾದರಿಗೆಂದು ಒಂದು ಎಲೆಯನ್ನೂ ಅಂಟಿಸಿದ್ದರು. ಮುಟ್ಟಿದೆ, ಮಿನುಗು ಬೆರಳಿಗೆ ಹತ್ತಿತು. ಮರ ಉಳಿಸಲು ಕಾಗದ ಕತ್ತರಿಸುವ ಉಪಾಯ ತಮ್ಮದೇ ಎಂದು ಮಕ್ಕಳು ತಿಳಿದಿರಬಹುದು. ಅಲ್ಲ. ತೊಂಬತ್ತರ ದಶಕದ ಕೊನೆಗೆ ನಾನೂ ಕತ್ತರಿಸಿದ್ದೇನೆ.

ಪುಣೆಯ ಸಗಟು ಮಾರುಕಟ್ಟೆ ಮಾರ್ಕೆಟ್ ಯಾರ್ಡಿನ ಹತ್ತಿರ ನಮ್ಮದೊಂದು ಸಣ್ಣ ಕನ್ನಡ ಶಾಲೆ. ವ್ಯಾಪಾರಿಗಳ, ಗುಮಾಸ್ತರ, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಪರಿಸರ ಸಂಘ ನಡೆಸುತ್ತಿದ್ದವರು ದೇಸಾಯಿ ಟೀಚರ್. ಅವರಿಗೆ ಮರವೆಂದರೆ ನಿಜವಾದ ಪ್ರೀತಿ. ಮೆರವಣಿಗೆಯೆಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಓಜೋನ್ ಪದರಕ್ಕಾಗಿ ನಡೆದಿದ್ದೇವೆ, ಹುಲಿಗಾಗಿ ನಡೆದಿದ್ದೇವೆ. ಅದು ಹುಲಿಗೆ ತಲುಪಿತೋ ಇಲ್ಲವೋ, ನಮಗಂತೂ ಕೊನೆಯಲ್ಲಿ ಬಿಸ್ಕೀಟು ತಲುಪುತ್ತಿತ್ತು.

ದಸರೆಯ ವಿಷಯಕ್ಕೆ ಬರೋಣ. ಊರ ಕಡೆ ನಾವು ಬನ್ನಿ ಹಂಚುತ್ತೇವೆ. ಪುಣೆಯವರು ಆಪಟಾ ಗಿಡದ ಎಲೆಯನ್ನು 'ಸೋನಂ', ಅಂದರೆ ಬಂಗಾರ, ಎಂದು ಹಂಚುತ್ತಾರೆ. ಇಲ್ಲಿಗೆ ಬಂದ ಕನ್ನಡಿಗರು ಆಪಟಾವನ್ನೇ ಬನ್ನಿ ಎಂದು ಕರೆದು ಸಮಾಧಾನ ಮಾಡಿಕೊಂಡಿದ್ದೇವೆ. ಒಂದು ಸಂಜೆಯ ಶಾಸ್ತ್ರಕ್ಕೆ ಸುತ್ತಲ ಗುಡ್ಡಗಳ ಗಿಡಗಳು ಬೋಳಾಗುತ್ತಿದ್ದವು. ಟೀಚರ್ ಹೇಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ, ಅದನ್ನು ದಾಖಲಿಸಬೇಕು. ಆದರೆ ಎಲೆ ಟೆಂಪೊಗಟ್ಟಲೆ ಬಂದು ಇಳಿಯುತ್ತಿದ್ದುದು ಯಾರ್ಡಿನ ಒಳಗೆ. ತರಿಸುತ್ತಿದ್ದ ದೊಡ್ಡ ವ್ಯಾಪಾರಿ ನಮ್ಮ ಶಾಲಾ ಸಮಿತಿಯಲ್ಲಿದ್ದರು. ಸಂಘದ ಹಸಿರು ಟೊಪ್ಪಿಗೆಗಳು ಅವರದೇ ಕೊಡುಗೆ. ಮೇಲೆ ಅಂಗಡಿಯ ಹೆಸರಿತ್ತು.

"ಯಾರ್ಡ್ ಒಳಗ ಹೋಗೂದಿಲ್ಲೇನ್ರಿ ಟೀಚರ್?" ಎಂದು, ಎಲೆ ಬೇಡವೆನ್ನುವ ಮೆರವಣಿಗೆಯ ಹಾದಿ ಗೊತ್ತುಮಾಡುವಾಗ ಯಾರೋ ಕೇಳಿದರು.

"ಒಳಗ ಟ್ರಾಫಿಕ್ ಭಾಳ ಇರ್ತದಪಾ. ಗೇಟಿನ ಹೊರಗ ಹೆಣ್ಣಮಕ್ಕಳು ಎಲಿ ಮಾರಕೋತ ಕೂತಿರ್ತಾರಲ್ಲ, ಅಲ್ಲೇ ನಿಂದ್ರೂಣು."

ಘೋಷಣೆ ಕೂಗಲು ಆರಿಸಿದ್ದು ನನ್ನ ತರಗತಿಯ ನೀಲಮ್ಮನನ್ನು. ಅವಳ ದನಿ ಮೈದಾನದ ಆ ತುದಿಗೆ ಕೇಳುತ್ತಿತ್ತು. ಅದು ಎಲ್ಲಿ ಬೆಳೆದ ದನಿ ಎಂದು ಟೀಚರ್ ವಿಚಾರಿಸಲಿಲ್ಲ. ನಮಗೆ ಗೊತ್ತಿತ್ತು. ಅವಳ ಅವ್ವ ಶರಣಮ್ಮ ಅದೇ ಗೇಟಿನ ಹೊರಗೆ ಮೆಂತ್ಯೆ, ಕೊತ್ತಂಬರಿ, ದಸರೆ ಬಂದರೆ ಬನ್ನಿ ಮಾರುತ್ತಿದ್ದಳು. ರಜೆಯಲ್ಲಿ ಪಕ್ಕದಲ್ಲಿ ಕೂತು ಗಿರಾಕಿ ಕರೆಯುತ್ತಿದ್ದವಳು ನೀಲಮ್ಮ.

ಕಾಗದದ ಎಲೆ ಕತ್ತರಿಸುವಾಗ ಅವಳು ನನಗೆ ಮೆಲ್ಲಗೆ ಹೇಳಿದಳು: "ಅವ್ವನ ಮುಂದ ನಿಂತು ಎಲಿ ತಗೋಬ್ಯಾಡ್ರಿ ಅಂತ ನಾನೇ ಒದರಬೇಕಲೇ. ಒದರಿದ್ರ ಮನ್ಯಾಗ ಮಾರಿ ಹೆಂಗ ತೋರಸ್ಲಿ? ಒದರಲಿಲ್ಲಂದ್ರ ಸಾಲ್ಯಾಗ ಹೆಂಗ ತೋರಸ್ಲಿ?"

ನಾನು ಗಂಭೀರವಾಗಿ ಯೋಚಿಸಿ, ಹೊಟ್ಟೆನೋವೆಂದು ಹೇಳು ಎಂದೆ. "ಅದು ನಿನ್ನಂಥಾವ್ರು ಮಾಡೂದು" ಎಂದಳು. ಪರಿಸರ ಸಂಘಕ್ಕೆ ನಾನು ಕೊಟ್ಟ ಏಕೈಕ ಸಲಹೆಯ ಗತಿ ಅದು.

ದಸರೆಯ ಹಿಂದಿನ ದಿನ ಹೊರಟೆವು. 'ಝಾಡೆ ವಾಚವಾ', ಮರ ಉಳಿಸಿ, ಎಂದು ನೀಲಮ್ಮ ಮರಾಠಿಯಲ್ಲಿ ಕೂಗಿದರೆ ಅಂಗಡಿಯವರು ಎದ್ದು ನೋಡುತ್ತಿದ್ದರು. ಗೇಟಿನ ಬಳಿ ಟೀಚರ್ ನಿಲ್ಲಿಸಿದ್ದು ಸರಿಯಾಗಿ ಶರಣಮ್ಮನ ರಾಶಿಯ ಮುಂದೆ. ಗಿರಾಕಿಗಳು ಹಿಂದೆ ಸರಿದರು. ನೀಲಮ್ಮನ ದನಿ ಇಳಿಯಿತು.

"ಜೋರಾಗಿ ನೀಲಾ, ಜೋರಾಗಿ!"

ಶರಣಮ್ಮ ಮಗಳನ್ನು ನೋಡಿದಳು, ಟೀಚರನ್ನು ನೋಡಿದಳು. ಆಮೇಲೆ ಎಂದೂ ಕಾಣದವರ ಹತ್ತಿರ ಮಾತಾಡುವಂತೆ, "ಯಾರ ಮಗಳವಾ ನೀ? ದನಿ ಭಾಳ ಚಲೋ ಅದ. ಒದರು, ಒದರು, ನಾಚಬ್ಯಾಡ" ಎಂದಳು. ಮಗಳು ಶಾಲೆಯಲ್ಲಿ ಮುಖ ತೋರಿಸುವಂತಾಗಲೆಂದು ತಾಯಿತನವನ್ನೇ ಒಂದು ಗಳಿಗೆ ಬದಿಗಿಟ್ಟಿದ್ದಳು.

"ನಿನ್ನ ಮಗಳೇ. ಆ ಕಡಿ ಸರಿ," ಎಂದು ನೀಲಮ್ಮ ಕೈಯಲ್ಲಿದ್ದ ಫಲಕವನ್ನು ನೆಲಕ್ಕೆ ಹಾಸಿ, ರಾಶಿಯ ಆಚೆ ಅದರ ಮೇಲೆ ಕೂತಳು. "ಸೋನಂ ಘ್ಯಾ, ಸೋನಂ!" ಬಂಗಾರ ತಗೊಳ್ಳಿ, ಎಂಬ ಅವಳ ಕೂಗಿಗೆ ಸರಿದಿದ್ದ ಗಿರಾಕಿಗಳು ತಿರುಗಿ ಬಂದರು.

"ಟೊಪ್ಪಿಗಿ ತಗೀಬ್ಯಾಡ, ಬಿಸಲ ಅದ" ಎಂದಳು ಅವ್ವ.

ಉಳಿದ ನಮ್ಮಲ್ಲಿ ಯಾರಿಗೂ ದನಿ ಇರಲಿಲ್ಲ. ಮೂಕ ಮೆರವಣಿಗೆ ಸಿಗ್ನಲ್ ಮುಟ್ಟಿ ಮರಳಿತು. ಜನ ನಮ್ಮ ಕಾಗದದ ಎಲೆಯನ್ನೂ ಇಸಕೊಂಡರು, ಶರಣಮ್ಮನ ಆಪಟಾವನ್ನೂ ಕೊಂಡರು.

ಹಬ್ಬ ಮುಗಿದು ಶಾಲೆ ಆರಂಭವಾದಾಗ ಟೀಚರ್ ಕಿಟಕಿ ನೋಡುತ್ತ ಶಿಸ್ತಿನ ಬಗ್ಗೆ ಮಾತಾಡಿದರು. ನೀಲಮ್ಮನನ್ನು ಸಂಘದಿಂದ ತೆಗೆಯುತ್ತಾರೆಂದೇ ಎಲ್ಲರೂ ತಿಳಿದಿದ್ದೆವು. ದೀಪಾವಳಿಗೆ ಪಟಾಕಿ ವಿರೋಧಿ ಮೆರವಣಿಗೆ ಹೊರಟಾಗ ಮುಂದೆ ಮತ್ತೆ ಅವಳೇ. ಟೀಚರ್ ಒಂದೇ ಮಾತು ಕೇಳಿದರು: "ಈ ಸಲ ಹಾದ್ಯಾಗ ನಿಮ್ಮವರು ಯಾರರ ಪಟಾಕಿ ಮಾರ್ತಾರೇನವಾ? ಇದ್ರ ಮೊದಲೇ ಹೇಳಿಬಿಡು, ಬ್ಯಾರೆ ಹಾದಿ ಹಿಡಿಯೂಣು."

ನಿನ್ನೆ ಕಟ್ಟಡದ ಗೇಟಿನ ಬಳಿ ನಮ್ಮ ಅಪಾರ್ಟ್‌ಮೆಂಟ್ ಕ್ಲಬ್ಬಿನ ಅಧ್ಯಕ್ಷೆ ಸಿಕ್ಕಳು. ಬೆಂಗಳೂರಿನಿಂದ ಬಂದವರ ಮಗಳು, ಚುರುಕು ಹುಡುಗಿ.

"ಹಡಪಸರ ಸಿಗ್ನಲ್ ಹತ್ರ ರ‍್ಯಾಲಿ ಅಂಕಲ್. ಅಲ್ಲಿ ತುಂಬಾ ಜನ ಎಲೆ ಮಾರ್ತಾರೆ."

"ಮಾರುವವರ ಮಕ್ಕಳು ಯಾರಾದರೂ ನಿಮ್ಮ ಕ್ಲಬ್ಬಿನಲ್ಲಿ ಇದ್ದಾರಾ?"

"ಇಲ್ಲ ಅಂಕಲ್. ಓನ್ಲಿ ರೆಸಿಡೆಂಟ್ಸ್."

ಇಷ್ಟು ವರ್ಷ ದೇಸಾಯಿ ಟೀಚರ್ ಸಂಘವನ್ನು ಗೆಳೆಯರ ನಡುವೆ ನಗೆಪಾಟಲು ಮಾಡುತ್ತ ಬಂದವನು ನಾನು. ಆ ಅಭಿಪ್ರಾಯವನ್ನು ಅಲ್ಲಿಯೇ ಕೊಂಚ ತಿದ್ದಿಕೊಳ್ಳಬೇಕಾಯಿತು. ಈ ಮಕ್ಕಳ ಮೆರವಣಿಗೆ ಅಚ್ಚುಕಟ್ಟಾಗಿ ನಡೆಯುತ್ತದೆ, ಸಂಶಯವಿಲ್ಲ. ಸಾಲು ಬಿಟ್ಟು ರಾಶಿಯ ಆಚೆ ಹೋಗಿ ಕೂರಬೇಕಾದವರು ಅದರಲ್ಲಿ ಒಬ್ಬರೂ ಇಲ್ಲ.