ಪರದೆಯ ಮೇಲಿನ ಚಾವಣಿ

ತೆಮುಕೊ ಪಟ್ಟಣದ ತರಬೇತಿ ಕೊಠಡಿಯಲ್ಲಿ ನೋಲ್ಫಾ ಕಾರ್ಕಮೊ ಪರದೆ ತೆರೆದಾಗ ಒಂದು ಶಾಲೆಯ ನಕ್ಷೆಯ ಬದಲು ಮೂರು ಕಂಡವು. ಎಲ್ಲರೂ ಸೇರಿ ಕಂಪ್ಯೂಟರಿನಲ್ಲಿ ಒಂದೇ ಕಟ್ಟಡ ರೂಪಿಸುವುದನ್ನು ಅವಳು ಕಲಿಸಬೇಕಿತ್ತು. ಶುಕ್ರವಾರದೊಳಗೆ ಅದು ಆಗದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ವಾಸ್ತುಶಿಲ್ಪಿ ಫ್ಲೋರಿಂದೊ, ಇಂಜಿನಿಯರ್ ಎವರಿಸ್ತೊ, ಕೊಳಾಯಿ ಗುತ್ತಿಗೆದಾರ ಸೆಗುಂದೊ ಈ ಮೂವರು ಶಿಷ್ಯರೂ ತಂತಮ್ಮ ನಕ್ಷೆಯನ್ನು ಬೇರೆಯವರು ಮುಟ್ಟದಂತೆ ಭದ್ರ ಮಾಡಿಟ್ಟಿದ್ದರು.

"ನನ್ನ ತೊಲೆ ಇವನ ಕೈಗೆ ಸಿಕ್ಕರೆ ತೂತು ಕೊರೀತಾನೆ, ಪ್ರೊಫೆ," ಎಂದು ಎವರಿಸ್ತೊ ಟೀಚರಿಗೆ ದೂರು ಹೇಳಿದ.

"ಕೊರೀದೆ? ನೀರು ನಿನ್ನ ತಲೆ ಮೇಲೆ ಹರೀಬೇಕಾ?" ಎಂದ ಸೆಗುಂದೊ.

ಚಾವಣಿ ಏರಿದ ದಿನ ಕೆಲಸಗಾರರಿಗೆ ಮಾಂಸ ಸುಟ್ಟು ಬಡಿಸದ ಮಾಲೀಕನಿಗೆ ಆ ಊರಲ್ಲಿ ಮರ್ಯಾದೆಯಿಲ್ಲ. ನೋಲ್ಫಾ ತರಬೇತಿ ಕೇಂದ್ರದ ನಿರ್ದೇಶಕರನ್ನು ಅಂಥ ಊಟದ ಖರ್ಚಿಗೆ ಒಪ್ಪಿಸಿ ಬಂದು, "ಪರದೆ ಮೇಲೆ ಎಲ್ಲರದೂ ಸೇರಿ ಒಂದೇ ಚಾವಣಿ ಏರಿದರೆ ಔತಣ," ಎಂದಳು.

ಮಧ್ಯಾಹ್ನದೊಳಗೆ ಮೂವರೂ ಹೊಸ ನಕ್ಷೆಯೊಂದರಲ್ಲಿ ಕೂಡಿ ಚಾವಣಿ ಏರಿಸಿದರು. ವಾಡಿಕೆಯಂತೆ ಅದರ ನೆತ್ತಿಗೆ ಬಾವುಟವನ್ನೂ ನೆಟ್ಟರು. ಕೆಳಗೆ ಮಾತ್ರ ಏನೂ ಇರಲಿಲ್ಲ.

"ಗೋಡೆ ಎಲ್ಲಿ, ದೋನ್ ಫ್ಲೋರಿಂದೊ?" ಎಂದು ನೋಲ್ಫಾ ಮರ್ಯಾದೆಯಿಂದಲೇ ಕೇಳಿದಳು.

"ಗೋಡೆ ಎದ್ದಿದ್ದಕ್ಕೆ ಯಾರು ಊಟ ಹಾಕ್ತಾರೆ, ಪ್ರೊಫೆ?"

ನಿರ್ದೇಶಕರು ಬಾವುಟ ನೋಡಿ ಮೆಚ್ಚಿ, ಅವಳ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸಿದರು. ಶನಿವಾರ ಅಂಗಳದಲ್ಲಿ ಮಾಂಸ ಸುಡುತ್ತಾರೆ. ಗೋಡೆಯ ಪಾಠ ಸೋಮವಾರ.